ಮದುವೆ ಸಿದ್ಧತೆ ಕೋರ್ಸ್: ಸರ್ಟಿಫಿಕೇಟ್ ಬಿಟ್ಟು ಇನ್ನೇನಾದರೂ ಸಿಗುತ್ತಾ?

ಕಥೋಲಿಕ ಚರ್ಚಿನಲ್ಲಿ ಮದುವೆ ಆಗುವವರು ಮದುವೆ ಸಿದ್ಧತೆ ಕೋರ್ಸ್ ಮಾಡಲೇಬೇಕು. ಸರ್ಟಿಫಿಕೇಟ್ ತೋರಿಸದಿದ್ದರೆ ಫಾದರ್ ತಾರೀಕು ಗಟ್ಟಿ ಮಾಡುವುದಿಲ್ಲ. ಹೇಗೂ ಹೋಗಲೇಬೇಕಾದ ಜಾಗಕ್ಕೆ ರಿವ್ಯೂ ಯಾಕೆ ಅಂತ ನೀವು ಕೇಳಬಹುದು. ಹೋಗುವ ಮುಂಚೆ ನಾನೂ ನೆಟ್‌ನಲ್ಲಿ ಹುಡುಕಿದ್ದೆ. ಸಿಕ್ಕಿದ್ದು 'ಒಳ್ಳೆ ಜಾಗ, ಪಾರ್ಕಿಂಗ್ ಇದೆ' ಅನ್ನುವಂಥ ಮಾತುಗಳು ಅಷ್ಟೇ. ಒಳಗೆ ಏನು ಹೇಳುತ್ತಾರೆ, ಅದು ಆಮೇಲೆ ಮನೆ ನಡೆಸುವಾಗ ಉಪಯೋಗಕ್ಕೆ ಬರುತ್ತಾ ಅಂತ ಯಾರೂ ಬರೆದಿರಲಿಲ್ಲ. ನಮ್ಮ ಮದುವೆಯಾಗಿ ವರ್ಷ ದಾಟಿದೆ, ಹಾಗಾಗಿ ಈಗ ಬರೆದರೆ ಲೆಕ್ಕ ಸರಿಯಾಗಿರುತ್ತದೆ. ಕೇಂದ್ರದ ಹೆಸರು ಮಾತ್ರ ಹಾಕುವುದಿಲ್ಲ. ಚಿಕ್ಕ ಊರು, ಪಾಠ ಮಾಡಿದವರು ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಮೊದಲು ಹೊರಗಿನ ಸಂಗತಿ ಮುಗಿಸಿಬಿಡುತ್ತೇನೆ. ಶನಿವಾರ ಬೆಳಿಗ್ಗೆ ಶುರು, ಭಾನುವಾರ ಸಂಜೆ ಮುಕ್ತಾಯ. ಇಬ್ಬರೂ ಒಟ್ಟಿಗೆ ಬಂದರೆ ಒಳ್ಳೆಯದು. ಹುಡುಗ ದುಬೈನಲ್ಲೋ ಕುವೈತ್‌ನಲ್ಲೋ ಇದ್ದರೆ ಅಲ್ಲಿನ ಚರ್ಚಿನಲ್ಲೇ ಮಾಡಿ ಸರ್ಟಿಫಿಕೇಟ್ ತರಬಹುದು ಅಂದರು. ಫೀಸು ಜಾಸ್ತಿ ಏನಿಲ್ಲ, ಊಟ, ಟೀ ಎಲ್ಲ ಸೇರಿ ಇಬ್ಬರು ಒಂದು ಸಾಧಾರಣ ಹೋಟೆಲ್‌ನಲ್ಲಿ ಬಿರಿಯಾನಿ ತಿಂದಷ್ಟು. ಊಟ ಚೆನ್ನಾಗಿತ್ತು, ಭಾನುವಾರದ ಕೋಳಿ ಸಾರಂತೂ ಅಪ್ಪಟ ಮನೆ ರುಚಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ದಿನವಿಡೀ ಕೂರುವುದು ಕಷ್ಟ. ಮೈಕ್ ಆಗಾಗ ಕೈ ಕೊಡುತ್ತಿತ್ತು. ಹಿಂದಿನ ಸಾಲಿನವರಿಗೆ ಅರ್ಧ ಪಾಠ ಕೇಳಿಸಲೇ ಇಲ್ಲ, ಅವರೇನೂ ಅದಕ್ಕೆ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ, ಫೋನ್ ನೋಡುತ್ತಾ ಆರಾಮಾಗಿದ್ದರು.

ಕಾಗದಪತ್ರದ ಪಾಠ ಚಿಕ್ಕದು, ಆದರೆ ಬಹಳ ಉಪಯೋಗ. ಜ್ಞಾನಸ್ನಾನದ (ಬ್ಯಾಪ್ಟಿಸಂ) ಹಳೆಯ ಸರ್ಟಿಫಿಕೇಟ್ ಮನೆಯ ಬೀರುವಿನಲ್ಲಿದೆ ಅಂತ ನಂಬಿಕೊಂಡು ಕೂರಬೇಡಿ. ಅದು ನಡೆಯುವುದಿಲ್ಲ, ಈಚೆಗೆ ತೆಗೆಸಿದ್ದೇ ಬೇಕು. ಯಾಕೆಂದರೆ ಮದುವೆ ಆದಾಗ ಅದನ್ನು ಜ್ಞಾನಸ್ನಾನದ ರಿಜಿಸ್ಟರ್‌ನಲ್ಲೂ ಬರೆದಿಡುತ್ತಾರೆ, ಹೊಸ ಪ್ರತಿ ನೋಡಿದರೆ ಮುಂಚೆ ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಜೊತೆಗೆ ಮೂರು ಭಾನುವಾರ ಪೂಜೆಯಲ್ಲಿ ಹೆಸರು ಓದಿಸಬೇಕು, ಇಬ್ಬರ ಊರಲ್ಲೂ. ಇದನ್ನೆಲ್ಲ ಲೆಕ್ಕ ಹಾಕಿ ಓಡಾಡಿ.

ಇನ್ನು ಒಳಗಿನ ವಿಷಯ. ಎಲ್ಲ ಪಾಠವೂ ಸುತ್ತಿ ಬಳಸಿ ಬಂದು ನಿಲ್ಲುವುದು ಒಂದೇ ಕಡೆ: ನಿನ್ನ ಅಗತ್ಯಕ್ಕಿಂತ ಎದುರಿನವರ ಅಗತ್ಯ ಮೊದಲು ನೋಡು. ಗೋಡೆಯ ಮೇಲೆ ದೊಡ್ಡ ಬ್ಯಾನರೂ ಇತ್ತು. ಬೈಬಲ್‌ನಲ್ಲಿ ಸಂತ ಪೌಲರು ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ. ಸ್ವಾರ್ಥಕ್ಕಾಗಿ ಏನೂ ಮಾಡಬೇಡಿ, ಬೇರೆಯವರನ್ನು ನಿಮಗಿಂತ ದೊಡ್ಡವರು ಅಂತ ಎಣಿಸಿ, ಅವರ ಹಿತವನ್ನೂ ನೋಡಿ ಅನ್ನುವ ಮಾತು. ಕ್ರೈಸ್ತರಿಗೆ ಇದೇನು ಹೊಸದಲ್ಲ, ಧರ್ಮೋಪದೇಶದ ಕ್ಲಾಸಿನಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿದೆ. ನನಗಿದ್ದ ತಕರಾರು ಬೇರೆ. ಈ ಮಾತು ಚರ್ಚಿನಿಂದ ಮನೆಯೊಳಗೆ ಬಂದ ಕೂಡಲೇ ಒಬ್ಬರ ತಲೆಗೇ ಕಟ್ಟುತ್ತಾರೆ. ಯಾರ ತಲೆಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಕೋರ್ಸಿನಲ್ಲೂ ಅದೇ ಆಗುತ್ತಾ ನೋಡೋಣ ಅಂತಲೇ ಹೋಗಿದ್ದೆ. ಆದದ್ದು ಏನೆಂದರೆ, ಒಂದು ಪಾಠ ಒಂದು ಥರ, ಇನ್ನೊಂದು ಪಾಠ ಅದಕ್ಕೆ ಪೂರ್ತಿ ಉಲ್ಟಾ.

ಮೊದಲ ಪಾಠ ಫಾದರ್ ಮಾಡಿದರು. ಇವರು ಚೆನ್ನಾಗಿ ಓದಿಕೊಂಡು ಬಂದಿದ್ದರು. ಬ್ಯಾನರ್‌ನ ವಾಕ್ಯಕ್ಕೆ ಅಂಟಿಕೊಂಡು ಉಪದೇಶ ಮಾಡುವ ಬದಲು ಇಡೀ ಪತ್ರ ತೆರೆಸಿದರು. ಪೌಲರು ಇದನ್ನು ಬರೆದದ್ದು ಸೆರೆಮನೆಯಿಂದ. ಫಿಲಿಪ್ಪಿ ಸಭೆಯವರು, ಅಂದರೆ ಅಲ್ಲಿನ ಕ್ರೈಸ್ತರು, ಅವರ ಸಹಾಯಕ್ಕೆ ಅಂತ ಎಪಫ್ರೊದೀತ ಅನ್ನುವವನ ಕೈಯಲ್ಲಿ ಒಂದಿಷ್ಟು ನೆರವು ಕಳಿಸಿದ್ದರು. ಅವನು ಅಲ್ಲಿ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿದ್ದ. ಆ ಸುದ್ದಿ ಊರಿಗೆ ತಲುಪಿ ಅಲ್ಲಿಯವರು ಗಾಬರಿಯಾಗಿದ್ದಾರೆ ಅಂತ ಇವನಿಗೆ ಸಂಕಟ. ಹುಷಾರಾದ ಮೇಲೆ ಪೌಲರು ಅವನನ್ನು ತಮ್ಮ ಹತ್ತಿರ ಇಟ್ಟುಕೊಳ್ಳಲಿಲ್ಲ, ಸೆರೆಯಲ್ಲಿರುವವರಿಗೆ ಒಬ್ಬ ಜೊತೆಗಾರ ಎಷ್ಟು ಬೇಕಿರುತ್ತದೆ ಯೋಚನೆ ಮಾಡಿ, ಆದರೂ ಊರಿಗೆ ಕಳಿಸಿಬಿಟ್ಟರು. ಅದೇ ಅಧ್ಯಾಯದಲ್ಲಿ ಇದೆ ಇದು, ಬ್ಯಾನರ್‌ನ ವಾಕ್ಯದ ಕೆಳಗೇ. ನಾನು ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ. ನಾಲ್ಕನೇ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರಿಗೆ ಒಂದೇ ಮನಸ್ಸಿನಿಂದ ಇರಿ ಅಂತ ಹೆಸರು ಹಿಡಿದು ಹೇಳುತ್ತಾರೆ. ಅಂದರೆ ಈ ಬುದ್ಧಿಮಾತು ಜಗಳ ಆಡುವ, ಕಾಯಿಲೆ ಬೀಳುವ, ಪರಸ್ಪರ ಚಿಂತೆ ಮಾಡುವ ಒಂದು ಗುಂಪಿಗೆ ಬರೆದದ್ದು. ಎಲ್ಲರಿಗೂ ಬರೆದದ್ದು. ಸೊಸೆಯಂದಿರಿಗೆ ಅಂತ ಪ್ರತ್ಯೇಕವಾಗಿ ಬರೆದದ್ದಲ್ಲ.

ಫಾದರ್ ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ ಓದಿಸಿದರು. ಹೆಂಡತಿ ಗಂಡನಿಗೆ ತಗ್ಗಿ ನಡೆಯಲಿ ಅನ್ನುವ ಭಾಗ ಬಂದಾಗ ಹುಡುಗರ ಕಡೆ ಒಂದು ಸಣ್ಣ ನಗು ಎದ್ದಿತು. ಅವರು ತಡೆದು, ಅದರ ಹಿಂದಿನ 21ನೇ ವಾಕ್ಯ ಮೊದಲು ಓದಿ ಅಂದರು. ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅಂತ ಇದೆ ಅಲ್ಲಿ. ಆಮೇಲೆ 25ರಿಂದ ಮುಂದಕ್ಕೆ ಗಂಡಸರಿಗೆ ಹೇಳಿದ್ದನ್ನು ಎಣಿಸಿ ಅಂದರು. ಹೆಂಡತಿಗೆ ಹೇಳಿದ್ದು ಮೂರು ವಾಕ್ಯ, ಗಂಡನಿಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಅದೂ ಎಂಥದ್ದು, ಕ್ರಿಸ್ತರು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಪ್ರೀತಿಸು ಅಂತ. ನಗು ನಿಂತಿತು. ಈ ಪಾಠ ಒಂದಕ್ಕೇ ಫೀಸು ವಸೂಲಿ.

ಊಟ ಆದ ಮೇಲೆ ಬಂದವರು ಒಬ್ಬ ಕೌನ್ಸೆಲರ್. ಇಲ್ಲಿ ಗಾಡಿ ಹಳ್ಳ ಹಿಡಿಯಿತು. 'ಹೆಣ್ಣುಮಕ್ಕಳು ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರೆ ಮನೆಯೇ ಸ್ವರ್ಗ' ಅಂತ ಶುರು ಮಾಡಿದವರು ಅಲ್ಲೇ ಸುತ್ತುತ್ತಿದ್ದರು. ಅತ್ತೆಯ ಅಡುಗೆಮನೆಗೆ ಹೊಂದಿಕೊಳ್ಳಿ, ಗಂಡ ಸುಸ್ತಾಗಿ ಬಂದಾಗ ಪ್ರಶ್ನೆ ಕೇಳಬೇಡಿ, ನಮ್ಮ ಶಿಲುಬೆ ನಾವೇ ಹೊರಬೇಕು. ಗಂಡ ಏನು ಅಡ್ಜಸ್ಟ್ ಮಾಡಿಕೊಳ್ಳಬೇಕು ಅಂತ ಕೇಳಿದರೆ 'ಹೊರಗೆ ದುಡಿಯುವುದೇ ಅವನ ತ್ಯಾಗ' ಅಂದರು. ಅಲ್ಲಿ ಕೂತಿದ್ದ ಹುಡುಗಿಯರಲ್ಲಿ ನರ್ಸ್, ಟೀಚರ್, ಬ್ಯಾಂಕ್, ಸಾಫ್ಟ್‌ವೇರ್ ಅಂತ ಬಹುತೇಕ ಎಲ್ಲರೂ ದುಡಿಯುವವರೇ. ಅದು ಕೌನ್ಸೆಲರ್‌ಗೆ ಕಂಡ ಹಾಗಿರಲಿಲ್ಲ. ಒಬ್ಬ ಹುಡುಗಿ ಧೈರ್ಯ ಮಾಡಿ, ಗಂಡ ಕೈ ಮಾಡಿದರೆ ಏನು ಮಾಡಬೇಕು ಅಂತ ಕೇಳಿದಳು. ತಾಳ್ಮೆ ಇಟ್ಟುಕೊಂಡು ಪ್ರಾರ್ಥನೆ ಮಾಡಿ, ಬದಲಾಗುತ್ತಾನೆ ಅನ್ನುವುದು ಉತ್ತರ.

ನನಗೆ ನಿಜವಾಗಿ ಸಿಟ್ಟು ಬಂತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಮೈಕ್ ತೆಗೆದುಕೊಂಡರು. ಕೋರ್ಸ್ ನಡೆಸುವವರು ಅವರೇ, ಮೊದಲು ನರ್ಸ್ ಆಗಿದ್ದವರಂತೆ. ಏಟು ತಿನ್ನುವುದು ತ್ಯಾಗ ಅಲ್ಲ ಅಂತ ನೇರವಾಗಿ ಹೇಳಿದರು. ಚರ್ಚ್ ಕಾನೂನಿನ 1153ನೇ ನಿಯಮದಲ್ಲಿ, ಒಬ್ಬರಿಂದ ಇನ್ನೊಬ್ಬರಿಗೋ ಮಕ್ಕಳಿಗೋ ದೊಡ್ಡ ಅಪಾಯ ಇದ್ದರೆ ಬೇರೆ ಹೋಗಿ ಇರಬಹುದು ಅಂತ ಇದೆ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬ ಜೀವನದ ಬಗ್ಗೆ ಹೊರಡಿಸಿದ ಅಮೋರಿಸ್ ಲೆತೀಸಿಯಾ ಪತ್ರದ 241ನೇ ಪ್ಯಾರಾದಲ್ಲಿ, ಇಂಥ ಸಂದರ್ಭದಲ್ಲಿ ಬೇರ್ಪಡುವುದು ನೈತಿಕವಾಗಿ ಅಗತ್ಯವೂ ಆಗಬಹುದು ಅನ್ನುವಷ್ಟು ದೂರ ಹೋಗಿದ್ದಾರೆ. ಎರಡನ್ನೂ ಸಿಸ್ಟರ್ ಬೋರ್ಡ್ ಮೇಲೆ ಬರೆದರು. ಕೆಳಗೆ 181 ಅಂತ ಮಹಿಳಾ ಸಹಾಯವಾಣಿ ನಂಬರ್ ಬರೆದು, ಇದನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಹುಡುಗರೂ ಮಾಡಿಕೊಳ್ಳಿ, ನಿಮ್ಮ ಅಕ್ಕ ತಂಗಿಗೆ ಬೇಕಾಗಬಹುದು ಅಂದರು. ಅಂಥ ಸಿಸ್ಟರ್ ಇದ್ದೂ ಅಂಥ ಕೌನ್ಸೆಲರನ್ನು ಯಾಕೆ ಕರೆಸುತ್ತಾರೋ! ಪ್ರತಿ ವರ್ಷ ಬರುವವರಂತೆ, ಬೇಡ ಅನ್ನುವುದಕ್ಕೆ ದಾಕ್ಷಿಣ್ಯ ಇರಬೇಕು.

ಸಂಜೆಯ ಅಭ್ಯಾಸ ನಮ್ಮಿಬ್ಬರಿಗೂ ಬಹಳ ಹಿಡಿಸಿತು. ಹುಡುಗರನ್ನು ಒಂದು ಕೋಣೆಗೆ, ಹುಡುಗಿಯರನ್ನು ಇನ್ನೊಂದು ಕೋಣೆಗೆ ಕಳಿಸಿದರು. ಹಾಳೆಯ ಒಂದು ಬದಿಯಲ್ಲಿ ನಿಮಗೆ ಈಗ ಏನು ಬೇಕು ಅಂತ ಬರೆಯಬೇಕು, ಇನ್ನೊಂದು ಬದಿಯಲ್ಲಿ ನಿಮ್ಮ ಜೊತೆಯವರಿಗೆ ಏನು ಬೇಕು ಅಂತ. ಆಮೇಲೆ ಹಾಳೆ ಬದಲಾಯಿಸಿಕೊಳ್ಳುವುದು. ನನ್ನ ಹುಡುಗ ನನ್ನ ಬಗ್ಗೆ, ಅವಳಿಗೆ ದೊಡ್ಡ ರಿಸೆಪ್ಷನ್, ಬ್ಯಾಂಡ್, ಡಿಜೆ ಎಲ್ಲ ಬೇಕು ಅಂತ ಬರೆದಿದ್ದ. ಅವನು ಮಂಗಳೂರು ಕಡೆಯವನು, ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೇ ಅರ್ಧ ಊರು ಸೇರುತ್ತದೆ, ಹಾಗಾಗಿ ಅವನಿಗೇ ಅದೆಲ್ಲ ಬೇಕು ಅಂತ ನಾನು ಬರೆದಿದ್ದೆ. ತಿರುಗಿಸಿ ನೋಡಿದರೆ ಇಬ್ಬರೂ ನಮ್ಮ ನಮ್ಮ ಬದಿಯಲ್ಲಿ ಬರೆದಿದ್ದು 'ಸಾಲ ಇಲ್ಲದ ಚಿಕ್ಕ ಮದುವೆ' ಅಂತ! ಅವಳಿಗೋಸ್ಕರ ಅಂತ ಅವನು, ಅವನಿಗೋಸ್ಕರ ಅಂತ ನಾನು, ಇಬ್ಬರಿಗೂ ಬೇಡದ ಖರ್ಚಿಗೆ ತಲೆ ಕೊಡುವುದಕ್ಕೆ ಹೊರಟಿದ್ದೆವು. ಸುತ್ತಮುತ್ತ ಕೇಳಿದರೆ ಬೇರೆ ಜೋಡಿಗಳದ್ದೂ ಇಂಥದ್ದೇ ಕಥೆ. ಒಬ್ಬಳು ಇವನು ತನ್ನ ಅಪ್ಪ ಅಮ್ಮನ ಜೊತೆಗೇ ಇರಬೇಕು ಅನ್ನುತ್ತಾನೆ ಅಂತ ಮನೆ ಹುಡುಕುವುದನ್ನೇ ಬಿಟ್ಟಿದ್ದಳು, ಅವನು ಆಗಲೇ ಬೇರೆ ಬಾಡಿಗೆ ಮನೆ ನೋಡುತ್ತಿದ್ದ. ಕೇಳದೆ ಮಾಡುವ ತ್ಯಾಗದಲ್ಲಿ ಎಷ್ಟೋ ಸಲ ಎದುರಿನವರ ಅಗತ್ಯ ಎಲ್ಲೂ ಇರುವುದಿಲ್ಲ, ನಮ್ಮ ಊಹೆ ಮಾತ್ರ ಇರುತ್ತದೆ. ಈ ಅಭ್ಯಾಸಕ್ಕೆ ಇನ್ನೂ ಒಂದು ಗಂಟೆ ಕೊಡಬೇಕಿತ್ತು. ಟೀ ಗಂಟೆ ಬಾರಿಸಿ ಎಬ್ಬಿಸಿಬಿಟ್ಟರು.

ಭಾನುವಾರ ಪೂಜೆ ಮುಗಿದ ಮೇಲೆ ಒಂದು ಹಿರಿಯ ಜೋಡಿ ಮಾತಾಡಿದರು. ಗಂಡ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿ ರಿಟೈರ್ ಆದವರು, ಹೆಂಡತಿ ಪ್ರೈಮರಿ ಶಾಲೆಯ ಟೀಚರ್. ಇಬ್ಬರಿಗೂ ಭಾಷಣ ಬರುವುದಿಲ್ಲ, ಅದೇ ಒಳ್ಳೆಯದಾಯಿತು. ಕಂಡಕ್ಟರ್ ಅಂಕಲ್‌ಗೆ ನೈಟ್ ಹಾಲ್ಟ್ ಡ್ಯೂಟಿ, ಹಗಲು ಮನೆಯಲ್ಲಿ ನಿದ್ದೆ. ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅವರ ನಿದ್ದೆಗೋಸ್ಕರ ಆಂಟಿ ಮಕ್ಕಳನ್ನು ಹೊರಗಿನ ಜಗಲಿಯಲ್ಲಿ ಕೂರಿಸಿಕೊಂಡು ವರ್ಷಗಟ್ಟಲೆ ಕಳೆದರು. ಆಮೇಲೆ ಆಂಟಿ ಬಿ.ಎಡ್ ಪರೀಕ್ಷೆಗೆ ಕಟ್ಟಿದರು. ಆಗ ಅಂಕಲ್ ಡ್ಯೂಟಿ ಮುಗಿಸಿ ಮನೆಗೆ ಬರುವುದನ್ನೇ ಬಿಟ್ಟು, ಪರೀಕ್ಷೆ ಮುಗಿಯುವ ತನಕ ಡಿಪೋದ ರೆಸ್ಟ್ ರೂಮಿನಲ್ಲಿ ಮಲಗುತ್ತಿದ್ದರಂತೆ. 'ಸೊಳ್ಳೆ ಇತ್ತು, ಅಷ್ಟೇ' ಅಂದರು. ಡಿಪೋದಲ್ಲಿ ಜೊತೆಯವರು ಮನೆಯಲ್ಲಿ ಜಗಳವಾ ಅಂತ ಕೇಳಿದರೆ ಹೌದು ಅಂದುಬಿಡುತ್ತಿದ್ದರಂತೆ, ಹೆಂಡತಿ ಓದುತ್ತಿದ್ದಾಳೆ ಅಂದರೆ ನಗುತ್ತಾರೆ ಅಂತ. ಆಂಟಿ ನಡುವೆ ಬಾಯಿ ಹಾಕಿ, 'ಅದನ್ನು ನನಗೂ ಹೇಳಿರಲಿಲ್ಲ, ಡ್ಯೂಟಿ ಬದಲಾಗಿದೆ ಅಂದಿದ್ದರು, ಗೊತ್ತಾದ ಮೇಲೆ ಬೈದೆ' ಅಂದರು. ಕೌನ್ಸೆಲರ್ ಗಂಟೆಗಟ್ಟಲೆ ಹೇಳಿದ್ದಕ್ಕಿಂತ ಈ ಕಾಲು ಗಂಟೆ ಮೇಲು.

ಆಮೇಲೆ ಒಬ್ಬ ಲೇಡಿ ಡಾಕ್ಟರ್. ಸಹಜ ಕುಟುಂಬ ಯೋಜನೆ, ಗರ್ಭ ನಿಲ್ಲುವ ದಿನಗಳನ್ನು ದೇಹದ ಲಕ್ಷಣದಿಂದ ಗುರುತಿಸುವ ಬಿಲ್ಲಿಂಗ್ಸ್ ವಿಧಾನ ಇತ್ಯಾದಿ. ಚಾರ್ಟ್ ತೋರಿಸಿದರು, ಹುಡುಗರು ನೆಲ ನೋಡಿದರು, ಮುಗಿಯಿತು. ಕೊನೆಗೆ ಅವರು ಸಂತ ಜಿಯಾನ್ನಾ ಬೆರೆತ್ತಾ ಮೊಲ್ಲಾ ಅವರ ಕಥೆ ಹೇಳಿದರು. ಇಟಲಿಯ ಮಕ್ಕಳ ಡಾಕ್ಟರ್. 1961ರಲ್ಲಿ ಬಸುರಿಯಾಗಿದ್ದಾಗ ಗರ್ಭಕೋಶದಲ್ಲಿ ಗೆಡ್ಡೆ ಇರುವುದು ಗೊತ್ತಾಯಿತು. ಗರ್ಭಕೋಶವನ್ನೇ ತೆಗೆಸಿದ್ದರೆ ಅವರ ಜೀವಕ್ಕೆ ಅಪಾಯ ಕಡಿಮೆ ಇತ್ತು, ಅದಕ್ಕೆ ಚರ್ಚಿನ ಅಡ್ಡಿಯೂ ಇರಲಿಲ್ಲ, ಆದರೆ ಮಗು ಉಳಿಯುತ್ತಿರಲಿಲ್ಲ. ಗೆಡ್ಡೆ ಮಾತ್ರ ತೆಗೆಯಿರಿ ಅಂದರು. 1962ರ ಏಪ್ರಿಲ್ 21ಕ್ಕೆ ಮಗಳು ಹುಟ್ಟಿದಳು, 28ಕ್ಕೆ ತಾಯಿ ತೀರಿಕೊಂಡರು. 2004ರಲ್ಲಿ ಸಂತರ ಪದವಿ ಸಿಕ್ಕಿತು. ಹಾಲ್ ಪೂರ್ತಿ ಸುಮ್ಮನಾಯಿತು, ಕೆಲವರು ಕಣ್ಣು ಒರೆಸಿಕೊಂಡರು. ನನಗೂ ಗಂಟಲು ಕಟ್ಟಿತು, ಸುಳ್ಳು ಹೇಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದು ನನಗೆ ಸರಿ ಕಾಣಲಿಲ್ಲ. ಅದೇ ಜಿಯಾನ್ನಾ ಮದುವೆ ಆದ ಮೇಲೂ ಕ್ಲಿನಿಕ್ ನಡೆಸಿದವರು, ಹಿಮದಲ್ಲಿ ಸ್ಕೀಯಿಂಗ್ ಹೋಗುತ್ತಿದ್ದವರು, ಒಳ್ಳೆಯ ಬಟ್ಟೆ, ಸಂಗೀತ ಅಂದರೆ ಇಷ್ಟಪಡುತ್ತಿದ್ದವರು. ತನಗೆ ಅಂತ ಏನೂ ಇಟ್ಟುಕೊಳ್ಳದ ಹೆಂಗಸಲ್ಲ ಅವರು. ಅದನ್ನು ಬಿಟ್ಟು ಕೊನೆಯ ವಾರ ಮಾತ್ರ ಹೇಳಿದರೆ, ಒಳ್ಳೆಯ ತಾಯಿ ಅಂದರೆ ಸತ್ತ ತಾಯಿ ಅಂತ ಕೇಳಿಸುತ್ತದೆ. ಮತ್ತೆ, ಸಂತರ ಉದಾಹರಣೆ ಕೊಡುವುದಾದರೆ ಗಂಡಸರದ್ದೂ ಕೊಡಿ. ಫ್ರಾನ್ಸಿನ ಸಂತೆ ಪುಟ್ಟ ತೆರೇಸಮ್ಮನವರ ತಂದೆ ಲೂಯಿ ಮಾರ್ತಿನ್ ಇದ್ದಾರಲ್ಲ. ಗಡಿಯಾರದ ಅಂಗಡಿ ಇಟ್ಟಿದ್ದರು, ಹೆಂಡತಿ ಝೆಲಿಯವರದ್ದು ಲೇಸ್ ವ್ಯಾಪಾರ. ಆಕೆಯ ವ್ಯಾಪಾರ ಬೆಳೆದಾಗ 1870ರಲ್ಲಿ ತನ್ನ ಅಂಗಡಿ ಮಾರಿ ಆಕೆಯ ಲೆಕ್ಕಪತ್ರ, ಓಡಾಟ ನೋಡಿಕೊಳ್ಳುವುದಕ್ಕೆ ನಿಂತರು. 2015ರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೇ ಸಂತರು ಅಂತ ಘೋಷಿಸಿದರು. ಈ ಕಥೆ ಯಾವ ಪಾಠದಲ್ಲೂ ಬರಲಿಲ್ಲ. ಫೀಡ್‌ಬ್ಯಾಕ್ ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ.

ದುಡ್ಡಿನ ಪಾಠ ಕೊನೆಯದು. ಬಜೆಟ್, ಇನ್ಶೂರೆನ್ಸ್, ಜಾಯಿಂಟ್ ಅಕೌಂಟ್, ಗೊತ್ತಿರುವುದೇ. ಬಿಸಿ ಏರಿದ್ದು ಒಬ್ಬ ನರ್ಸ್ ಹುಡುಗಿ ಪ್ರಶ್ನೆ ಕೇಳಿದಾಗ. ಅವಳ ಸಂಬಳದಲ್ಲೇ ತಮ್ಮನ ಓದು, ಅಮ್ಮನ ಔಷಧಿ ನಡೆಯುತ್ತಿದೆ. ಮದುವೆ ಆದ ಮೇಲೆ ಕಳಿಸಬಹುದಾ? ಹಾಲ್‌ನಲ್ಲಿ ಎರಡು ಪಂಗಡ ಆಯಿತು. ಕೆಲವು ಹುಡುಗರು ಬೈಬಲ್‌ನಲ್ಲೇ ತಂದೆ ತಾಯಿಯನ್ನು ಬಿಡಬೇಕು ಅಂತ ಇದೆ ಅಂದರು. ಸಿಸ್ಟರ್ ನಕ್ಕು, ಆದಿಕಾಂಡದ ಎರಡನೇ ಅಧ್ಯಾಯ ಸರಿಯಾಗಿ ಓದಿ, ತಂದೆ ತಾಯಿಯನ್ನು ಬಿಟ್ಟು ಬರುವವನು ಅಲ್ಲಿ ಗಂಡಸು ಅಂದರು. ಚಪ್ಪಾಳೆ ಬಿತ್ತು. ಆಮೇಲೆ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ ತೆಗೆದರು. ಹೆತ್ತವರಿಗೆ ಕೊಡಬೇಕಾದ್ದನ್ನು ದೇವರಿಗೆ ಮುಡಿಪು ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಅಲ್ಲಿ ಬೈಯುತ್ತಾರೆ. ದೇವರ ಹೆಸರಲ್ಲೇ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂದ ಮೇಲೆ ಮದುವೆಯ ಹೆಸರಲ್ಲಿ ತಪ್ಪಿಸಿಕೊಳ್ಳಬಹುದಾ? ಎಷ್ಟು ಕಳಿಸಬೇಕು ಅನ್ನುವುದನ್ನು ಮದುವೆಗೆ ಮುಂಚೆಯೇ ಇಬ್ಬರೂ ಕೂತು ಮಾತಾಡಿ, ಆಮೇಲೆ ಕದ್ದು ಕಳಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ ಅಂದರು. ಆ ಹುಡುಗಿಯ ಜೊತೆಯವನು ತಲೆ ಆಡಿಸಿದ. ಮನೆಗೆ ಹೋಗಿ ಏನು ಮಾಡಿದನೋ.

ಈಗ ವರ್ಷದ ಮೇಲೆ ನೋಡಿದರೆ ಏನು ಉಳಿದಿದೆ? ಆ ಹಾಳೆಯ ಅಭ್ಯಾಸ ಉಳಿದಿದೆ. ಭಾನುವಾರ ಪೂಜೆ ಮುಗಿಸಿ ಬಂದು ಕಾಫಿ ಕುಡಿಯುವಾಗ ಈ ವಾರ ನಿನಗೆ ಏನು ಬೇಕು ಅಂತ ಇಬ್ಬರೂ ಕೇಳಿಕೊಳ್ಳುತ್ತೇವೆ. ಸುಮ್ನೆ ಊಹೆ ಮಾಡುವುದಿಲ್ಲ. ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆದ ವಾರವೇ ನಮ್ಮ ಬ್ಯಾಂಕಿನಲ್ಲಿ ಆಡಿಟ್ ಬಂತು. ಹಳೆಯ ಕ್ರಮದಲ್ಲಾದರೆ ನಾನು ರಜೆ ಹಾಕಿ, ಆಮೇಲೆ ಆರು ತಿಂಗಳು ಒಳಗೊಳಗೇ ಕುದಿಯುತ್ತಿದ್ದೆ. ನಾನು ಬಾಯಿ ಬಿಟ್ಟು ಹೇಳಿದೆ, ಅವನು ರಜೆ ಹಾಕಿದ. ಅತ್ತೆಗೆ ಕಣ್ಣಿನ ಡ್ರಾಪ್ಸ್ ಹಾಕುವುದು, ಗಂಜಿ ಮಾಡುವುದು ಎಲ್ಲ ಅವನದ್ದೇ. ಮೊದಲ ದಿನ ಅತ್ತೆಗೆ ಮಗನ ಕೈಯಲ್ಲಿ ಸೇವೆ ಮಾಡಿಸಿಕೊಳ್ಳುವುದು ಮುಜುಗರ. ಶಿಷ್ಯ ಪೇತ್ರನೂ ಹೀಗೇ ಅಲ್ವಾ, ಯೇಸುಸ್ವಾಮಿ ಕಾಲು ತೊಳೆಯಲು ಬಗ್ಗಿದಾಗ ಬೇಡವೇ ಬೇಡ ಅಂದಿದ್ದು. ಮಾಡಿಸಿಕೊಳ್ಳುವುದನ್ನು ಕಲಿಯುವುದೂ ಕಷ್ಟ, ಅದರ ಬಗ್ಗೆ ಕೋರ್ಸಿನಲ್ಲಿ ಒಂದು ಮಾತೂ ಇಲ್ಲ. ತನಗೂ ಸ್ವಲ್ಪ ಇಟ್ಟುಕೊಳ್ಳಬೇಕು ಅನ್ನುವುದರ ಬಗ್ಗೆಯೂ ಇಲ್ಲ. ಅಮೋರಿಸ್ ಲೆತೀಸಿಯಾದಲ್ಲೇ 101ನೇ ಪ್ಯಾರಾದಲ್ಲಿ ಬೈಬಲ್‌ನ ಸಿರಾಖನ ಗ್ರಂಥದ ಒಂದು ಮಾತು ಬರುತ್ತದೆ, ತನಗೇ ಜಿಪುಣನಾದವನು ಇನ್ಯಾರಿಗೆ ಉದಾರಿಯಾದಾನು ಅನ್ನುವ ಅರ್ಥದ್ದು. ಸಿಸ್ಟರ್ ಬೋರ್ಡ್ ಮೇಲೆ ಬರೆದ ಪ್ಯಾರಾ ನಂಬರ್ ಹುಡುಕುತ್ತಾ ಓದಿದಾಗ ಸಿಕ್ಕಿತು. ಇದನ್ನು ಆ ಕೌನ್ಸೆಲರ್‌ಗೆ ಯಾರಾದರೂ ಪ್ರಿಂಟ್ ತೆಗೆದು ಕೊಟ್ಟರೆ ಒಳ್ಳೆಯದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಫಾದರ್ ಪಾಠ, ಸಿಸ್ಟರ್, ಹಿರಿಯ ಜೋಡಿ, ಹಾಳೆಯ ಅಭ್ಯಾಸ, ಇಷ್ಟೇ ಇದ್ದಿದ್ದರೆ ನಾಲ್ಕೂವರೆ. ನಡೆಸುವವರಿಗೆ ಒಂದು ಸಲಹೆ: ಅತ್ತೆ ಮಾವಂದಿರಿಗೂ ಅರ್ಧ ದಿನದ ಕೋರ್ಸ್ ಇಡಿ. ಹುಡುಗ ಹುಡುಗಿ ಎಷ್ಟು ಕಲಿತು ಬಂದರೂ ಮನೆಯಲ್ಲಿ ಪಾತ್ರೆ ತೊಳೆಯುವ ಮಗನನ್ನು ನೋಡಿ ಮುಖ ಸಿಂಡರಿಸುವವರು ಅಲ್ಲಿರುತ್ತಾರೆ.

ಹೋಗುವವರು ಮದುವೆಗೆ ಒಂದು ತಿಂಗಳು ಇರುವಾಗ ಹೋಗಬೇಡಿ. ಹಾಲ್‌ಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಮುಗಿಸಿ, ನಮ್ಮ ಹಾಗೆ ದುಡ್ಡು ಉಳಿದರೂ ಉಳಿಯಬಹುದು. ಮುಂದಿನ ಎರಡು ಸಾಲಿನಲ್ಲಿ ಕೂತುಕೊಳ್ಳಿ, ಮೈಕ್ ಇನ್ನೂ ರಿಪೇರಿ ಆಗಿಲ್ಲವಂತೆ. ಪೆನ್ ನಿಮ್ಮದೇ ತೆಗೆದುಕೊಂಡು ಹೋಗಿ, ಅಲ್ಲಿ ಕೊಡುವುದು ಬರೆಯುವುದಿಲ್ಲ.